ಮೇಲ್‌ನಲ್ಲಿ ಕಳಿಸಿದ ಕನ್ನಡ ಫೈಲ್ ಅಲ್ಲಿಯೂ ಇದ್ದಂತೆಯೇ ತೆರೆಯಬೇಕಾದರೆ

"ಇಲ್ಲಿ ಸರಿ ಅದ ರೀ. ಅಲ್ಲಿ ತೆರದ್ರ ಬರೀ ಗೆರಿ, ಚುಕ್ಕಿ ಕಾಣ್ಲಾಕತ್ತಾವಂತ."

ಕಲಬುರಗಿಯಲ್ಲಿ ಟೈಪಿಂಗ್, ಡಿಟಿಪಿ ಕೆಲಸ ಮಾಡುವ ನನ್ನ ಹತ್ತಿರ ಈ ಮಾತು ಹೇಳಿಕೊಂಡು ಯಾರೂ ಬರದ ವಾರವೇ ಇಲ್ಲ. ಒಬ್ಬರು ಗೈಡ್‌ಗೆ ಪಿಎಚ್‌ಡಿ ಸಿನಾಪ್ಸಿಸ್ ಕಳಿಸಿರುತ್ತಾರೆ. ಇನ್ನೊಬ್ಬರು ಪಂಚಾಯಿತಿ ಠರಾವು ಕಳಿಸಿರುತ್ತಾರೆ. ಮತ್ತೊಬ್ಬರು ಜಾತ್ರೆಯ ಹ್ಯಾಂಡ್‌ಬಿಲ್ಲನ್ನು ಸೊಲ್ಲಾಪುರದ ಪ್ರೆಸ್ಸಿಗೆ ಕಳಿಸಿರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಕಂಪ್ಯೂಟರ್ ಬಗ್ಗೆ ನಿಮಗೆ ಜಾಸ್ತಿ ಗೊತ್ತಿರಬೇಕಾಗಿಲ್ಲ. ವರ್ಡ್‌ನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಟ್ಯಾಚ್ ಮಾಡಲು ಬಂದರೆ ಸಾಕು.

ಮೊದಲು ಒಂದು ವಿಷಯ ತಿಳಿಯಬೇಕು. ತಪ್ಪು ಮೇಲ್‌ನದ್ದಲ್ಲ. ನೀವು ಅಟ್ಯಾಚ್ ಮಾಡಿದ ಫೈಲನ್ನು ಮೇಲ್ ಒಂದಿಷ್ಟೂ ಬದಲಿಸುವುದಿಲ್ಲ. ಕಳಿಸುವಾಗ ಅದನ್ನು ಸಾದಾ ಅಕ್ಷರಗಳ ಸಾಲಾಗಿ ಕಟ್ಟುತ್ತದೆ. ಆ ಕಡೆ ಬಿಚ್ಚಿದಾಗ ಮೂಲ ಫೈಲ್ ಹಾಗೆಯೇ ಸಿಗುತ್ತದೆ. ಕೆಡುವುದು ತೆರೆಯುವ ಹೊತ್ತಿಗೆ. ವರ್ಡ್ ಫೈಲಿನಲ್ಲಿ ಸಾಮಾನ್ಯವಾಗಿ ಅಕ್ಷರದ ಆಕಾರ ಇರುವುದಿಲ್ಲ, ಫಾಂಟಿನ ಹೆಸರು ಮಾತ್ರ ಇರುತ್ತದೆ. ಫಾಂಟ್ ಎಂದರೆ ಅಕ್ಷರಗಳ ಆಕಾರ ತುಂಬಿದ ಇನ್ನೊಂದು ಫೈಲ್. ಅದು ನಿಮ್ಮ ಕಂಪ್ಯೂಟರಿನಲ್ಲಿದೆ, ಅವರದ್ದರಲ್ಲಿ ಇಲ್ಲ. ಆಗ ಅವರ ಕಂಪ್ಯೂಟರ್ ತನ್ನ ಹತ್ತಿರ ಇರುವ ಯಾವುದೋ ಫಾಂಟನ್ನು ತಂದು ಹಾಕುತ್ತದೆ. ಸಾಲು ಉದ್ದವಾಗುತ್ತದೆ, ಪುಟ ಜಾರುತ್ತದೆ, ಟೇಬಲ್ ಮುರಿಯುತ್ತದೆ. ಹಳೆಯ ಫಾಂಟಾದರೆ ಕನ್ನಡವೇ ಮಾಯ.

ಆದ್ದರಿಂದ ನಮ್ಮ ಕೆಲಸ ಇಷ್ಟೇ: ಅಕ್ಷರದ ಆಕಾರವನ್ನು ಫೈಲಿನ ಜೊತೆಗೇ ಕಳಿಸಬೇಕು. ಇಲ್ಲವೇ ಎಲ್ಲರ ಕಂಪ್ಯೂಟರಿನಲ್ಲೂ ಇರುವ ರೀತಿಯಲ್ಲಿ ಬರೆಯಬೇಕು.

ಕೆಲಸಕ್ಕೆ ಬೇಕಾದದ್ದು: ಮೂಲ ಫೈಲ್, ವರ್ಡ್ ಅಥವಾ ಲಿಬ್ರೆ ಆಫೀಸ್ ಇರುವ ಕಂಪ್ಯೂಟರ್, ಪಿಡಿಎಫ್ ತೆರೆಯಲು ಅಡೋಬ್ ರೀಡರ್, ಮತ್ತು ಪರೀಕ್ಷೆ ಮಾಡಲು ಒಂದು ಸ್ಮಾರ್ಟ್‌ಫೋನ್. ಫೋನ್ ಯಾಕೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಹಂತ 1: ಅವರು ಫೈಲನ್ನು ಏನು ಮಾಡುತ್ತಾರೆ, ಕೇಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅವರು ಸುಮ್ನೆ ಓದುತ್ತಾರಾ, ಪ್ರಿಂಟ್ ತೆಗೆಯುತ್ತಾರಾ, ಇಲ್ಲ ತಿದ್ದುತ್ತಾರಾ?

ಓದಲು, ಪ್ರಿಂಟ್‌ಗೆ, ಅರ್ಜಿಯ ಜೊತೆ ಲಗತ್ತಿಸಲು ಆದರೆ ಪಿಡಿಎಫ್ ಕಳಿಸಿ. ಎರಡನೇ ಯೋಚನೆ ಬೇಡ. ತಿದ್ದುವವರಿಗೆ ವರ್ಡ್ ಫೈಲ್ ಬೇಕು. ಆದರೆ ಅದರ ಜೊತೆಗೂ ಒಂದು ಪಿಡಿಎಫ್ ಇರಲಿ. ವರ್ಡ್ ಫೈಲ್ ಅಲ್ಲಿ ಹೇಗೆ ತೆರೆದರೂ, ನಿಜವಾಗಿ ಅದು ಹೇಗಿರಬೇಕು ಎನ್ನುವುದಕ್ಕೆ ಪಿಡಿಎಫ್ ಸಾಕ್ಷಿ. ನಾನು ಕಳಿಸುವ ಪ್ರತಿಯೊಂದು ವರ್ಡ್ ಫೈಲಿನ ಜೊತೆಗೂ ಅದರ ಪಿಡಿಎಫ್ ಹೋಗುತ್ತದೆ.

ಹಂತ 2: ನಿಮ್ಮ ಫೈಲಿನಲ್ಲಿರುವುದು ಯಾವ ಕನ್ನಡ, ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ನನ್ನ ಹತ್ತಿರ ಬರುವ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಯೇ ಹುಟ್ಟಿರುತ್ತವೆ.

ಕಂಪ್ಯೂಟರಿನಲ್ಲಿ ಕನ್ನಡ ಎರಡು ಬಗೆ. ಒಂದು ಯೂನಿಕೋಡ್. ಇದರಲ್ಲಿ 'ಕ' ಅಕ್ಷರಕ್ಕೆ ಜಗತ್ತಿಗೆಲ್ಲ ಒಂದೇ ಸಂಖ್ಯೆ. ನಿಮ್ಮ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಜಾಲತಾಣಗಳಲ್ಲಿ ನೀವು ಓದುವುದೆಲ್ಲ ಇದೇ. ಇನ್ನೊಂದನ್ನು ನಾವು ಡಿಟಿಪಿಯವರು ಆಸ್ಕಿ ಎನ್ನುತ್ತೇವೆ. ಹಳೆಯ ನುಡಿ, ಹಳೆಯ ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಫಾಂಟುಗಳು ಈ ಬಗೆಯವು. ಇವು ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡಕ್ಕೆ ದೊಡ್ಡ ಆಸರೆಯಾಗಿದ್ದವು. ಇವತ್ತಿಗೂ ಎಷ್ಟೋ ಕಚೇರಿಗಳಲ್ಲಿ, ಪ್ರೆಸ್ಸುಗಳಲ್ಲಿ ಕೆಲಸ ನಡೆಯುವುದು ಇವುಗಳಲ್ಲೇ.

ಆಸ್ಕಿ ಹೇಗಿರುತ್ತದೆ ಅಂತ ನೀವೇ ನೋಡಬಹುದು. 'ನುಡಿ 01 ಇ' ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿ. ಆ ಪದವನ್ನು ಸೆಲೆಕ್ಟ್ ಮಾಡಿ, ಫಾಂಟ್ ಮಾತ್ರ ಏರಿಯಲ್‌ಗೆ ಬದಲಿಸಿ. ಮೊದಲು ಇಂಗ್ಲಿಷಿನ ದೊಡ್ಡ 'ಪಿ' ಬರುತ್ತದೆ. ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರುವ 'ಎ'. ಆಮೇಲೆ ಬ್ರಿಟಿಷ್ ಪೌಂಡ್ ಹಣದ ಗುರುತು. ಮತ್ತೆ ಅದೇ ಗೆರೆಯ 'ಎ'. ನಂತರ 'ಬಿ' ತರಹ ಕಾಣುವ ಜರ್ಮನ್ ಅಕ್ಷರ. ಕೊನೆಗೆ ಚಿಕ್ಕ 'ಕ್ಯೂ', ಮತ್ತೊಂದು 'ಎ'. ಅಂದರೆ ಫೈಲಿನೊಳಗೆ ಕನ್ನಡ ಇರಲೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಇದ್ದವು. ಅವುಗಳಿಗೆ ಕನ್ನಡದ ವೇಷ ಹಾಕಿದ್ದು ಫಾಂಟ್. ಅದು ಇಲ್ಲದ ಕಡೆ ವೇಷ ಕಳಚುತ್ತದೆ.

ನಿಮ್ಮ ಫೈಲ್ ಯಾವುದು ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್. ವಿಚಿತ್ರ ಗುರುತುಗಳು ಕಂಡರೆ ಆಸ್ಕಿ. ಒಂದು ಎಚ್ಚರಿಕೆ: ನೋಟ್‌ಪ್ಯಾಡ್‌ನ ಫಾಂಟೇ ನುಡಿ ಆಗಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಅನುಮಾನ ಇದ್ದರೆ ಜಿಮೇಲ್‌ನಲ್ಲಿ ಹೊಸ ಮೇಲ್ ತೆರೆದು, ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿಕೊಂಡು 'ವಿ' ಒತ್ತಿ. ಇದು ಫಾಂಟನ್ನು ಬಿಟ್ಟು ಅಕ್ಷರಗಳನ್ನಷ್ಟೇ ತಂದು ಹಾಕುತ್ತದೆ.

'ನುಡಿಯಲ್ಲಿ ಟೈಪ್ ಮಾಡಿದ್ದು, ಅಂದರೆ ಆಸ್ಕಿ' ಎಂದೂ ಅಂದುಕೊಳ್ಳಬೇಡಿ. ಹೊಸ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಆಯ್ಕೆ ಇದೆ. ನಿಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆಯನ್ನು ಬಿಡದೆಯೇ ಯೂನಿಕೋಡ್‌ನಲ್ಲಿ ಬರೆಯಬಹುದು. ಹೊಸದಾಗಿ ಕಲಿಯುವವರಿಗೆ ವಿಂಡೋಸ್ 10ರ 2019ರ ಅಪ್‌ಡೇಟ್‌ನಿಂದ ಈಚೆಗೆ 'ಕನ್ನಡ ಫೊನೆಟಿಕ್' ಕೀಬೋರ್ಡ್ ಅದರಲ್ಲೇ ಸಿಗುತ್ತದೆ.

ಹಂತ 3: ತಿದ್ದುವವರಿಗೆ ಹೋಗುವ ಆಸ್ಕಿ ಫೈಲನ್ನು ಯೂನಿಕೋಡ್ ಮಾಡಿ

ಬರೀ ಪ್ರಿಂಟ್‌ಗೆ ಹೋಗುವುದಾದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಪರಿವರ್ತಕ ಇರುತ್ತದೆ. ಆನ್‌ಲೈನ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಗುಟ್ಟಿನ ದಾಖಲೆ, ಕೋರ್ಟ್ ಕಾಗದ, ಆಧಾರ್ ವಿವರ ಇರುವ ಪಟ್ಟಿ ಇವನ್ನೆಲ್ಲ ಆನ್‌ಲೈನ್ ಪರಿವರ್ತಕಕ್ಕೆ ಹಾಕಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಮಾಡಿಕೊಳ್ಳಿ.

ಪರಿವರ್ತನೆ ಆದ ತಕ್ಷಣ ಕಳಿಸಿಬಿಡಬೇಡಿ. ಮೂರು ಕಡೆ ಕಣ್ಣಿಡಿ.

ಮೊದಲನೆಯದು ಅರ್ಕಾವೊತ್ತು. ಆಸ್ಕಿಯಲ್ಲಿ ಅದನ್ನು ಅಕ್ಷರದ ನಂತರ ಇಡುತ್ತಾರೆ. ಯೂನಿಕೋಡ್‌ನಲ್ಲಿ 'ರ್' ಮೊದಲು ಬರುತ್ತದೆ. ಪರಿವರ್ತಕ ಈ ಜಾಗ ಬದಲಿಸುವಾಗ ತಪ್ಪಬಹುದು. ವರ್ಷ, ಕಾರ್ಯದರ್ಶಿ, ನಿರ್ಧಾರ, ಅರ್ಜಿ ಇಂಥ ಪದಗಳನ್ನು ಹುಡುಕಿ ಹುಡುಕಿ ನೋಡಿ.

ಎರಡನೆಯದು ಮಧ್ಯೆ ಬಂದ ಇಂಗ್ಲಿಷ್. ಪರಿವರ್ತಕಕ್ಕೆ ಎಲ್ಲವೂ ಆಸ್ಕಿ ಕನ್ನಡವೇ. ಇಂಗ್ಲಿಷ್ ಹೆಸರು, ಮೇಲ್ ವಿಳಾಸ, ಐಎಫ್‌ಎಸ್‌ಸಿ ಕೋಡ್ ಇವೆಲ್ಲ ಅರ್ಥವಿಲ್ಲದ ಕನ್ನಡವಾಗಿ ಬಿಡುತ್ತವೆ. ಇವನ್ನು ಮೂಲ ಫೈಲ್ ನೋಡಿ ಕೈಯಿಂದಲೇ ಮತ್ತೆ ಟೈಪ್ ಮಾಡಬೇಕು. ಬೇರೆ ದಾರಿ ಇಲ್ಲ.

ಮೂರನೆಯದು 'ರ‍್ಯಾಂಕ್', 'ರ‍್ಯಾಲಿ' ತರಹದ ಪದಗಳು. ಇಲ್ಲಿ 'ರ' ಪೂರ್ತಿ ನಿಂತು 'ಯ' ಒತ್ತಾಗಬೇಕು. ಅದು 'ರ್ಯಾಂಕ್' ಆಗಿದ್ದರೆ ಸರಿಪಡಿಸಿ.

ಅಂಕಪಟ್ಟಿ, ಠರಾವು, ಖಾತೆ ಸಂಖ್ಯೆ ಇರುವ ಫೈಲ್ ಆದರೆ ಅಂಕಿಗಳನ್ನೂ ಮೂಲದ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ. ಬೇಸರದ ಕೆಲಸ ನಿಜ. ಆದರೆ ಒಂದು ಅಂಕಿ ತಪ್ಪಿದರೆ ಯಾರದೋ ಹಣ ತಡೆದು ನಿಲ್ಲುತ್ತದೆ ಅಲ್ವಾ?

ಫಾಂಟ್ ಆರಿಸುವಾಗ ಎಲ್ಲರ ಹತ್ತಿರ ಇರುವುದನ್ನೇ ಆರಿಸಿ. ವಿಂಡೋಸ್ 8ರಿಂದ ನಿರ್ಮಲಾ ಯುಐ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದ ತುಂಗಾ ವಿಂಡೋಸ್ 10ರಿಂದ ಈಚೆಗೆ ತಾನಾಗಿ ಬರುವುದಿಲ್ಲ, ಬೇರೆಯಾಗಿ ಸೇರಿಸಿಕೊಳ್ಳಬೇಕು. ಗೂಗಲ್ ಡಾಕ್ಸ್ ಬಳಸುವವರಿಗೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಉಚಿತವಾಗಿ ಸಿಗುತ್ತವೆ. ಯೂನಿಕೋಡ್‌ನ ಒಂದು ದೊಡ್ಡ ಲಾಭ ಏನೆಂದರೆ, ಅವರ ಹತ್ತಿರ ನಿಮ್ಮ ಫಾಂಟ್ ಇಲ್ಲದಿದ್ದರೂ ಅಕ್ಷರ ಕನ್ನಡವಾಗಿಯೇ ಇರುತ್ತದೆ. ಆಕಾರ, ಅಗಲ ಮಾತ್ರ ಸ್ವಲ್ಪ ಬದಲಾಗುತ್ತದೆ.

ಹಂತ 4: ಪುಟವನ್ನು ಗಟ್ಟಿಯಾಗಿ ಕಟ್ಟಿ

ಕೆಲವು ಫೈಲುಗಳು ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವುದು ಅದೃಷ್ಟದಿಂದ. ಫಾಂಟ್ ಒಂದು ಕೂದಲೆಳೆ ಬದಲಾದರೆ ಎಲ್ಲ ಕುಸಿಯುತ್ತವೆ. ಕಾರಣ, ಸ್ಪೇಸ್ ಬಾರ್ ಒತ್ತಿ ಒತ್ತಿ ಜೋಡಿಸಿರುತ್ತೇವೆ.

'ಹೆಸರು', 'ವಿಳಾಸ' ಮುಂದೆ ವಿವರಗಳನ್ನು ಒಂದೇ ಸಾಲಿಗೆ ತರಲು ಸ್ಪೇಸ್ ಬೇಡ. ಗೆರೆ ಇಲ್ಲದ ಎರಡು ಕಾಲಮ್ಮಿನ ಟೇಬಲ್ ಹಾಕಿ. ಹೊಸ ಪುಟಕ್ಕೆ ಹೋಗಲು ಎಂಟರ್ ಒತ್ತುತ್ತಾ ಹೋಗಬೇಡಿ. ಕಂಟ್ರೋಲ್ ಒತ್ತಿಕೊಂಡು ಎಂಟರ್ ಒತ್ತಿದರೆ ಪೇಜ್ ಬ್ರೇಕ್ ಬರುತ್ತದೆ, ಅಂದರೆ ಪುಟ ಅಲ್ಲಿಗೆ ಮುರಿದು ಮುಂದಿನ ಪುಟ ಶುರುವಾಗುತ್ತದೆ. ಸಹಿಯನ್ನು ಬಲಗಡೆ ಇಡಲು ಬಲ ಜೋಡಣೆ ಬಳಸಿ. ಫೋಟೊ, ಲಾಂಛನಗಳಿಗೆ 'ಇನ್ ಲೈನ್ ವಿತ್ ಟೆಕ್ಸ್ಟ್' ಆರಿಸಿ. ಆಗ ಅವು ಅಕ್ಷರದ ಹಾಗೆ ಸಾಲಿನಲ್ಲೇ ಕೂರುತ್ತವೆ, ತೇಲಿಕೊಂಡು ಬೇರೆ ಕಡೆ ಹೋಗುವುದಿಲ್ಲ.

ಕಾಗದದ ಅಳತೆಯನ್ನು ಬಹಳ ಜನ ನೋಡುವುದೇ ಇಲ್ಲ. ನಮ್ಮಲ್ಲಿ ಬಳಸುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಎಷ್ಟೋ ಕಂಪ್ಯೂಟರುಗಳಲ್ಲಿ ವರ್ಡ್ ಅಮೆರಿಕದ 'ಲೆಟರ್' ಅಳತೆಯಲ್ಲಿ ಶುರುವಾಗುತ್ತದೆ. ಅದು ಎ4ಗಿಂತ ಸುಮಾರು 18 ಮಿ.ಮೀ. ಗಿಡ್ಡ, 6 ಮಿ.ಮೀ. ಅಗಲ. ಲೆಟರ್‌ನಲ್ಲಿ ಟೈಪ್ ಮಾಡಿದ್ದನ್ನು ಎ4ನಲ್ಲಿ ಪ್ರಿಂಟ್ ತೆಗೆದರೆ ಪುಟ ಲೆಕ್ಕ ತಪ್ಪುತ್ತದೆ, ಪರಿವಿಡಿಯ ಸಂಖ್ಯೆಗಳೂ ತಪ್ಪುತ್ತವೆ. ಟೈಪ್ ಶುರು ಮಾಡುವ ಮುಂಚೆಯೇ 'ಲೇಔಟ್', 'ಸೈಜ್'ಗೆ ಹೋಗಿ ಎ4 ಮಾಡಿಕೊಳ್ಳಿ. ಪ್ರಬಂಧ ಬರೆಯುವವರಿಗಂತೂ ಇದು ಮೊದಲ ದಿನದ ಕೆಲಸ.

ಹಂತ 5: ಪಿಡಿಎಫ್ ಮಾಡಿ, ಆದರೆ ಸರಿಯಾಗಿ

ಪಿಡಿಎಫ್ ಅನ್ನು ಅಡೋಬ್ ಕಂಪನಿ 1993ರಲ್ಲಿ ತಂದಿತು. 2008ರಿಂದ ಅದು ಅಂತರರಾಷ್ಟ್ರೀಯ ಮಾನಕ. ಅದರ ಗುಣ ಏನೆಂದರೆ, ಅಕ್ಷರದ ಆಕಾರವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು ಹೋಗಬಲ್ಲದು. ಇದಕ್ಕೆ ಫಾಂಟ್ ಎಂಬೆಡ್ ಮಾಡುವುದು ಎನ್ನುತ್ತಾರೆ. ಆಸ್ಕಿ ನುಡಿಯ ಫೈಲ್ ಕೂಡ ಪಿಡಿಎಫ್ ಆದ ಮೇಲೆ ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ, ಫಾಂಟ್ ಒಳಗೆ ಕೂತಿದ್ದರೆ.

ವರ್ಡ್‌ನಲ್ಲಿ 'ಫೈಲ್', 'ಸೇವ್ ಆ್ಯಸ್'ಗೆ ಹೋಗಿ. ಬಗೆ ಆರಿಸುವಲ್ಲಿ ಪಿಡಿಎಫ್ ಆರಿಸಿ. 'ಸ್ಟ್ಯಾಂಡರ್ಡ್' ಇರಲಿ, 'ಮಿನಿಮಮ್ ಸೈಜ್' ಬೇಡ. ಅಲ್ಲೇ 'ಆಪ್ಷನ್ಸ್' ಒತ್ತಿದರೆ ಪಿಡಿಎಫ್/ಎ ಎಂದಿರುವ ಚೌಕ ಸಿಗುತ್ತದೆ. ಅದಕ್ಕೆ ಟಿಕ್ ಹಾಕಿ. ಪಿಡಿಎಫ್/ಎ ಎಂದರೆ ದಾಖಲೆಗಳನ್ನು ಬಹುಕಾಲ ಕಾಪಿಡಲು ಮಾಡಿದ ಬಗೆ. ಅದರಲ್ಲಿ ಫಾಂಟ್ ಒಳಗೆ ಇರಲೇಬೇಕು ಎಂಬ ನಿಯಮ ಇದೆ.

ಗೂಗಲ್ ಡಾಕ್ಸ್ ಆದರೆ 'ಫೈಲ್', 'ಡೌನ್‌ಲೋಡ್', ಆಮೇಲೆ ಪಿಡಿಎಫ್. ಲಿಬ್ರೆ ಆಫೀಸ್‌ನಲ್ಲಿ 'ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್'.

ಪ್ರಿಂಟ್‌ಗೆ ಹೋಗಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಆರಿಸುವ ರೂಢಿ ಹಲವರಿಗಿದೆ. ಕಾಣಲು ಪರವಾಗಿಲ್ಲ. ಆದರೆ ಒಳಗಿನ ಲಿಂಕುಗಳು ಸತ್ತುಹೋಗುತ್ತವೆ. ಅದಕ್ಕೆ 'ಸೇವ್ ಆ್ಯಸ್' ದಾರಿಯೇ ಒಳ್ಳೆಯದು.

ಈಗ ಪರೀಕ್ಷೆ. ಪಿಡಿಎಫನ್ನು ಅಡೋಬ್ ರೀಡರಿನಲ್ಲಿ ತೆರೆದು, ಕಂಟ್ರೋಲ್ ಒತ್ತಿಕೊಂಡು 'ಡಿ' ಒತ್ತಿ. ಬರುವ ಪೆಟ್ಟಿಗೆಯಲ್ಲಿ 'ಫಾಂಟ್ಸ್' ಎಂಬ ವಿಭಾಗ ಇರುತ್ತದೆ. ಪ್ರತಿ ಫಾಂಟಿನ ಮುಂದೆ 'ಎಂಬೆಡೆಡ್' ಅಥವಾ 'ಎಂಬೆಡೆಡ್ ಸಬ್‌ಸೆಟ್' ಎಂದು ಬರೆದಿರಬೇಕು. ಯಾವುದಾದರೂ ಒಂದರ ಮುಂದೆ ಅದಿಲ್ಲ ಎಂದರೆ ಆ ಫೈಲ್ ಬೇರೆ ಕಡೆ ಕೆಡಬಹುದು. ಹೊಸದಾಗಿ ಮಾಡಿ.

ವರ್ಡ್ ಫೈಲಿನಲ್ಲಿ ಗೈಡ್ ಹಾಕಿದ ಕೆಂಪು ತಿದ್ದುಪಡಿ, ಪಕ್ಕದ ಟಿಪ್ಪಣಿಗಳು ಉಳಿದಿದ್ದರೆ ಅವೂ ಪಿಡಿಎಫ್‌ಗೆ ಬರುತ್ತವೆ. ಮೊದಲು 'ರಿವ್ಯೂ' ವಿಭಾಗದಲ್ಲಿ ಅವನ್ನು ಒಪ್ಪಿ ಅಥವಾ ತೆಗೆದುಹಾಕಿ.

ಇನ್ನೊಂದು ಮಿತಿಯೂ ಗೊತ್ತಿರಲಿ. ಪಿಡಿಎಫ್‌ನಿಂದ ಕನ್ನಡವನ್ನು ಕಾಪಿ ಮಾಡಿದರೆ ಒತ್ತು, ಕೊಂಬು, ದೀರ್ಘಗಳು ಹೆಚ್ಚಾಗಿ ಚೆಲ್ಲಾಪಿಲ್ಲಿಯಾಗುತ್ತವೆ. ಆಸ್ಕಿಯಿಂದ ಮಾಡಿದ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದೇ ಇಲ್ಲ. ಆದ್ದರಿಂದ ಒಳಗಿನ ಬರಹವನ್ನು ಮತ್ತೆ ಬಳಸುವವರಿಗೆ ಯೂನಿಕೋಡ್ ವರ್ಡ್ ಫೈಲನ್ನೂ ಕೊಡಿ.

ಹಂತ 6: ವರ್ಡ್ ಫೈಲನ್ನೇ ಕಳಿಸಬೇಕಾದಾಗ

ವಿಂಡೋಸ್ ವರ್ಡ್‌ನಲ್ಲಿ 'ಫೈಲ್', 'ಆಪ್ಷನ್ಸ್', 'ಸೇವ್'ಗೆ ಹೋಗಿ. ಕೆಳಗೆ 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಎಂಬ ಚೌಕ ಇದೆ. ಟಿಕ್ ಹಾಕಿ. ಅದರ ಕೆಳಗಿನ ಎರಡು ಚೌಕಗಳಲ್ಲಿ ಜನ ಎಡವುತ್ತಾರೆ. ಮೊದಲನೆಯದು, ಬಳಸಿದ ಅಕ್ಷರಗಳನ್ನು ಮಾತ್ರ ಒಳಗಿಡು ಎನ್ನುವುದು. ಅದಕ್ಕೆ ಟಿಕ್ ಹಾಕಿದರೆ ಫೈಲ್ ಚಿಕ್ಕದಾಗುತ್ತದೆ, ಆದರೆ ಅವರು ಹೊಸ ಅಕ್ಷರ ಟೈಪ್ ಮಾಡುವಾಗ ಅದರ ಆಕಾರ ಒಳಗೆ ಇರುವುದಿಲ್ಲ. ತಿದ್ದುವವರಿಗೆ ಕಳಿಸುವಾಗ ಇದು ಬೇಡ. ಎರಡನೆಯದು, ಸಾಮಾನ್ಯ ಸಿಸ್ಟಮ್ ಫಾಂಟುಗಳನ್ನು ಒಳಗಿಡಬೇಡ ಎನ್ನುವುದು. ಅವರ ಕಂಪ್ಯೂಟರ್ ತೀರಾ ಹಳೆಯದಾದರೆ ಈ ಟಿಕ್ ತೆಗೆಯಿರಿ.

ಲಿಬ್ರೆ ಆಫೀಸ್‌ನಲ್ಲಿ ಇದೇ ಆಯ್ಕೆ 'ಫೈಲ್', 'ಪ್ರಾಪರ್ಟೀಸ್', 'ಫಾಂಟ್'ನಲ್ಲಿದೆ. ಫಾಂಟ್ ತಯಾರಿಸಿದವರು ಅನುಮತಿ ಕೊಡದ ಫಾಂಟುಗಳು ಒಳಗೆ ಕೂರುವುದಿಲ್ಲ ಎನ್ನುವುದು ನೆನಪಿರಲಿ. ಫೈಲ್ ಪಡೆಯುವವರು ಫೋನಿನಲ್ಲಿ ಅಥವಾ ಗೂಗಲ್ ಡಾಕ್ಸ್‌ನಲ್ಲಿ ತೆರೆಯುವವರಾದರೆ ಈ ಉಪಾಯವನ್ನು ನಂಬಿ ಕೂರಬೇಡಿ. ಅವರಿಗೆ ಯೂನಿಕೋಡ್ ಒಂದೇ ದಾರಿ.

ನಿಮಗೆ ಬಂದ ಫೈಲ್ ಕೆಟ್ಟು ಕಂಡರೆ ಯಾವ ಫಾಂಟ್ ಕಾಣೆಯಾಗಿದೆ ಎಂದು ವರ್ಡೇ ಹೇಳುತ್ತದೆ. 'ಆಪ್ಷನ್ಸ್', 'ಅಡ್ವಾನ್ಸ್‌ಡ್' ಒಳಗೆ 'ಫಾಂಟ್ ಸಬ್‌ಸ್ಟಿಟ್ಯೂಷನ್' ಗುಂಡಿ ಒತ್ತಿ ನೋಡಿ.

ಹಂತ 7: ಪ್ರೆಸ್ಸಿಗೆ, ಅದರಲ್ಲೂ ಗಡಿಯಾಚೆಯ ಪ್ರೆಸ್ಸಿಗೆ

ನಮ್ಮ ಭಾಗಕ್ಕೆ ಇದನ್ನು ಬೇರೆಯಾಗಿಯೇ ಹೇಳಬೇಕು. ಕಲಬುರಗಿಯಿಂದ ಸೊಲ್ಲಾಪುರಕ್ಕೆ, ಬೀದರಿನಿಂದ ಹೈದರಾಬಾದಿಗೆ ಫೈಲುಗಳು ದಿನಾ ಓಡಾಡುತ್ತವೆ. ಆ ಕಡೆ ಕನ್ನಡ ಫಾಂಟ್ ಇಲ್ಲದಿರಬಹುದು, ಕನ್ನಡ ಓದುವವರೂ ಇಲ್ಲದಿರಬಹುದು. ಅಕ್ಷರ ಕೆಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಒಂದು ಲಗ್ನಪತ್ರಿಕೆಯ ವರ್ಡ್ ಫೈಲನ್ನು ಗಡಿಯಾಚೆಯ ಪ್ರೆಸ್ಸೊಂದಕ್ಕೆ ಕಳಿಸಿದ್ದೆ. ಪ್ರೂಫ್ ನೋಡಿದಾಗ ವಧುವಿನ ಹೆಸರಿನಲ್ಲಿದ್ದ ಒತ್ತಕ್ಷರ ಕೆಳಗಿನಿಂದ ಎದ್ದು ಪಕ್ಕದಲ್ಲಿ ನಿಂತಿತ್ತು. 'ಕಲ್ಯಾಣ' ಎನ್ನುವುದು 'ಕಲ್‌ಯಾಣ' ಆಗಿತ್ತು. ಅಚ್ಚಾಗುವ ಮುಂಚೆ ಕಣ್ಣಿಗೆ ಬಿದ್ದಿದ್ದರಿಂದ ಬಚಾವಾದೆವು. ಅಂದಿನಿಂದ ಪ್ರೆಸ್ಸಿಗೆ ನಾನು ಪಿಡಿಎಫ್ ಮಾತ್ರ ಕಳಿಸುತ್ತೇನೆ.

ಹಾಗೆ ಆಗಲು ಕಾರಣ ಇದೆ. ಪ್ರೆಸ್ಸುಗಳಲ್ಲಿ ಪುಟ ಕಟ್ಟಲು ಪೇಜ್‌ಮೇಕರ್, ಇನ್‌ಡಿಸೈನ್ ತಂತ್ರಾಂಶ ಬಳಸುತ್ತಾರೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡವನ್ನು ಜೋಡಿಸಲು ಬರುವುದಿಲ್ಲ. ಇನ್‌ಡಿಸೈನ್‌ಗೆ ಬರುತ್ತದೆ, ಆದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್ ರೆಡಿ' ಎಂಬ ಕಂಪೋಸರ್ ಆರಿಸಿರಬೇಕು. ಇಲ್ಲದಿದ್ದರೆ ಒತ್ತುಗಳು ಹೀಗೆ ಬಿಡಿಬಿಡಿಯಾಗುತ್ತವೆ. ಪ್ರೆಸ್ಸಿನವರು ಪೇಜ್‌ಮೇಕರ್ ಬಳಸುತ್ತೇವೆ, ಫೈಲನ್ನೇ ಕೊಡಿ ಎಂದರೆ ಆಗ ಆಸ್ಕಿ ಫೈಲೇ ಬೇಕಾಗುತ್ತದೆ. ಯಾವ ಫಾಂಟ್ ಇದೆ ಎಂದು ಫೋನಿನಲ್ಲಿ ಕೇಳಿ, ಅದರಲ್ಲೇ ಕೊಡಿ. ಯಾವ ದಾರಿಯಾದರೂ ಸರಿ, ಪ್ರೂಫನ್ನು ಕನ್ನಡ ಬಲ್ಲವರು ನೋಡದೆ ಅಚ್ಚಿಗೆ ಒಪ್ಪಬೇಡಿ.

ಒಂದೇ ಪತ್ರಿಕೆಯಲ್ಲಿ ಕನ್ನಡ, ಉರ್ದು, ಮರಾಠಿ ಇರುವುದು ನಮ್ಮಲ್ಲಿ ಸಾಮಾನ್ಯ. ಉರ್ದುವನ್ನು ಓರೆಯಾಗಿ ಇಳಿಯುವ ನಸ್ತಾಲೀಕ್ ಶೈಲಿಯಲ್ಲಿ ಬರೆದಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಅದು ನೇರ ಸಾಲಿನ ನಸ್ಖ್ ಶೈಲಿಗೆ ತಿರುಗುತ್ತದೆ. ಓದಲು ಬಂದರೂ ಅಂದ ಹೋಗುತ್ತದೆ, ಸಾಲಿನ ಉದ್ದವೂ ಬದಲಾಗುತ್ತದೆ. ಉರ್ದು ಪುಟ ಕಟ್ಟುವ ಇನ್‌ಪೇಜ್ ತಂತ್ರಾಂಶದಲ್ಲಿ ಮಾಡಿದ ಫೈಲ್ ವರ್ಡ್‌ನಲ್ಲಿ ತೆರೆಯುವುದೇ ಇಲ್ಲ. ಬಹುಭಾಷೆಯ ಕೆಲಸ ಎಂದರೆ ಪಿಡಿಎಫ್ ಎಂದೇ ಇಟ್ಟುಕೊಳ್ಳಿ.

ಹಂತ 8: ಎಕ್ಸೆಲ್ ಪಟ್ಟಿಗಳು

ಪ್ರಿಂಟ್‌ಗೆ ಕಳಿಸುವ ಮುಂಚೆ 'ಪೇಜ್ ಲೇಔಟ್'ನಲ್ಲಿ 'ಪ್ರಿಂಟ್ ಏರಿಯಾ' ಗುರುತಿಸಿ, 'ವಿಡ್ತ್' ಅನ್ನು 1 ಪುಟ ಮಾಡಿ, ಹಾಳೆಯನ್ನು ಅಡ್ಡ ಮಾಡಿ, ಆಮೇಲೆ ಪಿಡಿಎಫ್ ಮಾಡಿ. ಇಲ್ಲದಿದ್ದರೆ ಕೊನೆಯ ಕಾಲಮ್ ಬೇರೆ ಪುಟಕ್ಕೆ ಹಾರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಅಂಕಿಗಳದ್ದು. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸೊನ್ನೆ ಆಗುತ್ತದೆ. ಮುಂದಿನ ಸೊನ್ನೆಗಳೂ ಬಿದ್ದುಹೋಗುತ್ತವೆ. 12 ಅಂಕಿಯ ಆಧಾರ್ ಸಂಖ್ಯೆ ಮಧ್ಯದಲ್ಲಿ 'ಇ' ಅಕ್ಷರ, ಕೂಡಿಸುವ ಗುರುತು ಇರುವ ವಿಚಿತ್ರ ರೂಪದಲ್ಲಿ ಕಾಣುತ್ತದೆ. ಫಲಾನುಭವಿಗಳ ಪಟ್ಟಿ ಮಾಡುವವರು ಆ ಕಾಲಮನ್ನು ಟೈಪ್ ಮಾಡುವ ಮುಂಚೆಯೇ 'ಟೆಕ್ಸ್ಟ್' ಎಂದು ಬದಲಿಸಿಕೊಳ್ಳಬೇಕು. ಆಮೇಲೆ ಬದಲಿಸಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿಯ ಫೈಲ್) ಕೇಳಿದರೆ 'ಸಿಎಸ್‌ವಿ ಯುಟಿಎಫ್-8' ಎಂದಿರುವುದನ್ನೇ ಆರಿಸಿ. ಸಾದಾ ಸಿಎಸ್‌ವಿಯಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ.

ಹಂತ 9: ಅಟ್ಯಾಚ್ ಮಾಡಿ ಕಳಿಸುವಾಗ

ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಚಿಕ್ಕದಾಗಿ ಇಡಿ. ದಿನಾಂಕ ಸೇರಿಸಿ. 'ಫೈನಲ್', 'ಫೈನಲ್ ಹೊಸದು' ಎಂದರೆ ವಾರದ ನಂತರ ನಿಮಗೇ ತಿಳಿಯುವುದಿಲ್ಲ.

ಜಿಮೇಲ್‌ನ ಮಿತಿ 25 ಎಂಬಿ. ಮೇಲ್ ಫೈಲನ್ನು ಅಕ್ಷರಗಳಾಗಿ ಕಟ್ಟುವಾಗ ಗಾತ್ರ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಬೇರೆ ಮೇಲ್ ಸೇವೆಗಳಲ್ಲಿ ಮಿತಿ ಇನ್ನೂ ಕಡಿಮೆ ಇರಬಹುದು. ಹಾಗಾಗಿ 10 ಎಂಬಿ ಒಳಗೆ ಇದ್ದರೆ ನೆಮ್ಮದಿ. ದೊಡ್ಡದಾದರೆ ಜಿಮೇಲ್ ಅದನ್ನು ಡ್ರೈವ್ ಲಿಂಕ್ ಮಾಡುತ್ತದೆ. ಆಗ ಅವರ ಮೇಲ್ ವಿಳಾಸಕ್ಕೆ ಅನುಮತಿ ಕೊಟ್ಟಿದ್ದೀರಾ ನೋಡಿ. ಆಧಾರ್, ಬ್ಯಾಂಕ್ ವಿವರ ಇರುವ ಫೈಲನ್ನು 'ಲಿಂಕ್ ಇರುವ ಯಾರಾದರೂ' ನೋಡುವಂತೆ ಬಿಡಲೇಬೇಡಿ.

ಕನ್ನಡವನ್ನು ಮೇಲ್‌ನ ಒಳಗೇ ಬರೆಯುವುದಾದರೆ ಯೂನಿಕೋಡ್‌ನಲ್ಲೇ ಬರೆಯಿರಿ. ಆಸ್ಕಿ ನುಡಿಯನ್ನು ಅಲ್ಲಿ ಪೇಸ್ಟ್ ಮಾಡಿದರೆ ಯಾರಿಗೂ ಓದಲು ಬರುವುದಿಲ್ಲ.

ಮೇಲ್‌ನದ್ದು ತಪ್ಪಲ್ಲ ಎಂದೆನಲ್ಲ, ಅದಕ್ಕೆ ಒಂದು ಅಪವಾದ ಇದೆ. ಔಟ್‌ಲುಕ್‌ನಲ್ಲಿ 'ರಿಚ್ ಟೆಕ್ಸ್ಟ್' ಬಗೆಯಲ್ಲಿ ಮೇಲ್ ಕಳಿಸಿದರೆ, ಔಟ್‌ಲುಕ್ ಇಲ್ಲದವರಿಗೆ ನಿಮ್ಮ ಫೈಲಿನ ಬದಲು 'ವಿನ್‌ಮೇಲ್ ಡಾಟ್ ಡ್ಯಾಟ್' ಎಂಬ ತೆರೆಯದ ಫೈಲ್ ಹೋಗಬಹುದು. ಮೇಲ್ ಬರೆಯುವಾಗ 'ಫಾರ್ಮ್ಯಾಟ್ ಟೆಕ್ಸ್ಟ್'ನಲ್ಲಿ ಎಚ್‌ಟಿಎಂಎಲ್ ಆರಿಸಿದರೆ ಆಯಿತು.

ವಾಟ್ಸಾಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಎಂದೇ ಕಳಿಸಿ. ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗಿ ಅಕ್ಷರ ಮಸುಕಾಗುತ್ತದೆ.

ಹಂತ 10: ಮೊದಲು ನಿಮಗೇ ಕಳಿಸಿಕೊಳ್ಳಿ

ಫೋನ್ ಬೇಕು ಎಂದದ್ದು ಇದಕ್ಕೆ. ಫೋನಿನಲ್ಲಿ ನಿಮ್ಮ ನುಡಿ ಫಾಂಟ್ ಇಲ್ಲ. ಅದು ದೂರದ ಅಪರಿಚಿತ ಕಂಪ್ಯೂಟರ್ ಇದ್ದ ಹಾಗೆ. ನಿಮ್ಮದೇ ವಿಳಾಸಕ್ಕೆ ಮೇಲ್ ಕಳಿಸಿ, ಫೋನಿನಲ್ಲಿ ಡೌನ್‌ಲೋಡ್ ಮಾಡಿ ತೆರೆಯಿರಿ. ಮೊದಲ ಪುಟ, ಟೇಬಲ್ ಇರುವ ಒಂದು ಪುಟ, ಕೊನೆಯ ಪುಟ ನೋಡಿ. ಒಟ್ಟು ಪುಟಗಳ ಸಂಖ್ಯೆ ಹೊಂದಬೇಕು.

ಡೌನ್‌ಲೋಡ್ ಎಂದು ಒತ್ತಿ ಹೇಳಲು ಕಾರಣ ಇದೆ. ಮೇಲ್‌ನೊಳಗೆ ಫೈಲಿನ ಮೇಲೆ ಒತ್ತಿದಾಗ ಕಾಣುವುದು ಮುನ್ನೋಟ ಅಷ್ಟೇ. ವರ್ಡ್ ಫೈಲಿನ ಮುನ್ನೋಟ ಎಷ್ಟೋ ಸಲ ಕೆಟ್ಟದಾಗಿ ಕಾಣುತ್ತದೆ, ಒಳಗಿನ ಫೈಲ್ ಸರಿಯಾಗಿಯೇ ಇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಆ ಕಡೆಯಿಂದ 'ಅಕ್ಷರ ಬರ್ತಿಲ್ಲ' ಎಂದು ಫೋನ್ ಬಂದರೆ ಅದೇ ಫೈಲನ್ನು ಮತ್ತೆ ಮತ್ತೆ ಕಳಿಸಬೇಡಿ. ಮೂರು ಪ್ರಶ್ನೆ ಕೇಳಿ. ಡೌನ್‌ಲೋಡ್ ಮಾಡಿ ತೆರೆದಿರಾ, ಇಲ್ಲ ಮೇಲ್‌ನಲ್ಲೇ ನೋಡಿದಿರಾ? ಯಾವುದರಲ್ಲಿ ತೆರೆದಿರಿ, ಫೋನಾ ಕಂಪ್ಯೂಟರಾ? ತೆರೆದದ್ದು ಪಿಡಿಎಫ್ಫಾ, ವರ್ಡಾ? ಆಮೇಲೆ ಅವರ ಪರದೆಯ ಫೋಟೊ ಒಂದನ್ನು ವಾಟ್ಸಾಪ್‌ಗೆ ಹಾಕಲು ಹೇಳಿ. ದೊಡ್ಡ 'ಪಿ', ಗೆರೆಯ 'ಎ', ಪೌಂಡ್ ಗುರುತು ಕಂಡರೆ ಆಸ್ಕಿ ಫೈಲ್ ಹೋಗಿದೆ, ಹಂತ 3ಕ್ಕೆ ವಾಪಸ್ ಹೋಗಿ. ಖಾಲಿ ಚೌಕಗಳು ಕಂಡರೆ ಅವರ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲ, ಪಿಡಿಎಫ್ ಕಳಿಸಿ. ಒತ್ತು ಪಕ್ಕಕ್ಕೆ ಹೋಗಿದ್ದರೆ ಅವರ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುತ್ತಿಲ್ಲ, ಅದಕ್ಕೂ ಪಿಡಿಎಫ್ಫೇ ಮದ್ದು. ಅಕ್ಷರ ಸರಿಯಾಗಿದ್ದು ಸಾಲು ಮಾತ್ರ ಜಾರಿದ್ದರೆ ಕಾಗದದ ಅಳತೆ ಮತ್ತು ಹಂತ 4ರ ಸ್ಪೇಸುಗಳನ್ನು ನೋಡಿ.